ಡಿಪಿ ರೈಫಲ್‌ಗೆ ಬೋಲ್ಟ್ ಕೂರುತ್ತಿಲ್ಲ, ಬಟ್ ಅಲ್ಲಾಡುತ್ತಿದೆ

ಪ್ರಶ್ನೆ (ಕಾಸರಗೋಡು): ಆಗಸ್ಟ್ 15ರ ಪೆರೇಡಿಗೆ ಎನ್‌ಸಿಸಿಯ .303 ಡಿಪಿ (ಡ್ರಿಲ್‌ಗಷ್ಟೇ ಬಳಸುವ, ಗುಂಡು ಹೊಡೆಯದ) ರೈಫಲ್‌ಗಳನ್ನು ಹೊರತೆಗೆದಿದ್ದೇವೆ. ಆಟಿ ತಿಂಗಳ ಮಳೆಗೆ ಬೋಲ್ಟ್‌ಗಳೆಲ್ಲ (ಹಿಡಿ ಹಿಡಿದು ಹಿಂದೆ ಮುಂದೆ ಸರಿಸುವ ಭಾಗ) ಬಿಗಿ. ಬಿಚ್ಚಿ ಒರೆಸಿದ ಮೇಲೆ ಒಂದು ಒಳಗೇ ಹೋಗುತ್ತಿಲ್ಲ. ಇನ್ನೊಂದು ರೈಫಲ್‌ನ ಬಟ್ (ಹೆಗಲಿಗೆ ಒರಗಿಸುವ ಹಿಂದಿನ ಮರ) ಅಲ್ಲಾಡುತ್ತದೆ. ತೆಂಗಿನೆಣ್ಣೆ ಹಾಕಬಹುದಾ?

ಉತ್ತರ 1: ತೆಂಗಿನೆಣ್ಣೆ ಬೇಡವೇ ಬೇಡ ಮಾಷ್ಟ್ರೇ, ಆಮೇಲೆ ಅಂಟು ಕಟ್ಟುತ್ತದೆ. ಸೀಮೆಎಣ್ಣೆಯಲ್ಲಿ ಹಳೆ ಜಿಡ್ಡು ತೊಳೆದು, ಪೂರ್ತಿ ಒಣಗಿಸಿ, ಚಿಂದಿಗೆ ಎರಡು ಹನಿ ರೈಫಲ್ ಎಣ್ಣೆ ಹಾಕಿ ಒರೆಸಿ. ಒಳಗೆ ಹೋಗದ ಬೋಲ್ಟ್‌ನ ತಲೆ (ಮುಂದಿನ ತಿರುಪಿನ ತುಂಡು) ತಿರುಗಿರಬೇಕು. ಅದನ್ನು ಕೊನೆವರೆಗೆ ತಿರುಚಿ, ಬೋಲ್ಟ್‌ನ ಮೇಲಿನ ಉದ್ದ ಉಬ್ಬುಗೆರೆಗೆ ನೇರ ತನ್ನಿ. ಹಿಡಿಯ ಮೇಲಿನ ನಂಬರೂ ರೈಫಲ್ ನಂಬರೂ ಒಂದೇನಾ ನೋಡಿ. ಮಕ್ಕಳು ಅದಲು ಬದಲು ಮಾಡುವುದು ಮಾಮೂಲು.

ಉತ್ತರ 2: ಬಟ್ ವಿಷಯ. ನಿಮ್ಮ .303 ನಂ. 1 ಮಾರ್ಕ್ 3 ಮಾದರಿಯದಾದರೆ ಹಿಂದಿನಿಂದ ಉದ್ದ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಬೇಡಿ! ಬಟ್ ಬೋಲ್ಟ್‌ನ (ಬಟ್ಟನ್ನು ರೈಫಲ್‌ಗೆ ಬಿಗಿಯುವ ಉದ್ದ ತಿರುಪು) ಚೌಕ ತುದಿ ಮುಂಭಾಗದ ಮರದೊಳಗೆ ಕೂತಿರುತ್ತದೆ, ತಿರುಗಿದರೆ ಮರ ಸೀಳುತ್ತದೆ. ಮೊದಲು ಮುಂದಿನ ಮರ ಬಿಚ್ಚಬೇಕು. ಅದು ಆರ್ಮರರ್ (ಆಯುಧ ರಿಪೇರಿಯವರ) ಕೆಲಸ, ಬೆಟಾಲಿಯನ್‌ಗೆ ಕಳಿಸಿ.

ಪ್ರಶ್ನೆ ಕೇಳಿದವರು: ತಲೆ ಅರ್ಧ ಸುತ್ತು ಸಡಿಲ ಇತ್ತು. ಈಗ ಕೂತಿತು. ಬಟ್‌ನದ್ದು ಬದಿಗಿಟ್ಟೆ.

ಉತ್ತರ 1: ಡಿಪಿ ಬೋಲ್ಟನ್ನು ಗುಂಡು ಹೊಡೆಯುವ ರೈಫಲ್‌ಗೆ ಮಾತ್ರ ಯಾವತ್ತೂ ಹಾಕಬೇಡಿ.