ಪದಚರ್ಚೆ: ‘ಆಬ್ಸೆನ್ಸ್ ಸೀಜರ್’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಾಥಮಿಕ ಶಾಲೆಯ ಶಿಕ್ಷಕರಿಗಾಗಿ ಸಿದ್ಧವಾಗುತ್ತಿರುವ ಆರೋಗ್ಯ ಕೈಪಿಡಿಯೊಂದರ ಕರಡು ತಿದ್ದುತ್ತಿದ್ದೇನೆ. ಅದರಲ್ಲಿ ‘ಆಬ್ಸೆನ್ಸ್ ಸೀಜರ್’ ಎಂಬುದನ್ನು ‘ಗೈರುಹಾಜರಿ ಸೆಳವು’ ಎಂದು ಬರೆದಿದ್ದಾರೆ. ಓದಿದವರು ಹಾಜರಿ ಪುಸ್ತಕ ಹುಡುಕಿದರೆ ಆಶ್ಚರ್ಯವಿಲ್ಲ.

ಇದು ಫಿಟ್ಸ್‌ನ ಒಂದು ಬಗೆ. ಅರ್ಥ ಇಷ್ಟು. ಪಾಠ ಓದುತ್ತಿದ್ದ ಮಗು ವಾಕ್ಯದ ನಡುವೆ ತಟ್ಟನೆ ನಿಲ್ಲುತ್ತದೆ. ನೋಟ ಎಲ್ಲೋ ನೆಟ್ಟಿರುತ್ತದೆ, ರೆಪ್ಪೆ ತುಸು ಅದುರಬಹುದು. ಸುಮಾರು 10 ಸೆಕೆಂಡಿನಲ್ಲಿ ಏನೂ ಆಗದಂತೆ ಓದು ಮುಂದುವರಿಯುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾಗಬಹುದು. ಮಗುವಿಗೆ ಅದರ ನೆನಪೇ ಇರುವುದಿಲ್ಲ. ಹೆಚ್ಚಾಗಿ 4ರಿಂದ 10 ವರ್ಷದೊಳಗೆ ಶುರುವಾಗುವ ತೊಂದರೆ ಇದು. ಹಗಲುಗನಸು ಕಾಣುವ ಮಗು ಭುಜ ಮುಟ್ಟಿದರೆ ತಿರುಗಿ ನೋಡುತ್ತದೆ, ಈ ಮಗು ನೋಡುವುದಿಲ್ಲ. ಆ ಹೊತ್ತಿನಲ್ಲಿ ಇಇಜಿ (ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ತೆಗೆದರೆ ಸೆಕೆಂಡಿಗೆ ಸುಮಾರು 3 ಅಲೆಗಳ ವಿಶಿಷ್ಟ ವಿನ್ಯಾಸ ಕಾಣುತ್ತದೆ.

‘ಮೂರ್ಛೆ’ ಎಂದರೆ ಬೀಳಬೇಕು, ‘ಸೆಳವು’ ಎಂದರೆ ಕೈಕಾಲು ಸೆಟೆಯಬೇಕು. ಇಲ್ಲಿ ಎರಡೂ ಇಲ್ಲ. ‘ಅಪಸ್ಮಾರ’ದ ಧಾತ್ವರ್ಥ ಸ್ಮೃತಿ ತಪ್ಪುವುದು, ಹಾಗೆ ನೋಡಿದರೆ ಅದೇ ಹತ್ತಿರದ ಪದ. ಆದರೆ ಅದು ಇಡೀ ಕಾಯಿಲೆಯ ಹೆಸರಾಗಿ ನಿಂತಿದೆ, ಜನರ ಕಣ್ಣಿಗೆ ಬಾಯಿನೊರೆಯನ್ನೇ ತರುತ್ತದೆ. (ನಟರಾಜನ ಪಾದದಡಿ ಬಿದ್ದಿರುವವನ ಹೆಸರೂ ಅಪಸ್ಮಾರನೇ.) ‘ಮೈಮರೆವು’ ಕಿವಿಗೆ ಇಂಪು, ಆದರೆ ನಾವು ಮೈಮರೆಯುವುದು ಸಂಗೀತಕ್ಕೆ, ಭಕ್ತಿಗೆ. ‘ಅನ್ಯಮನಸ್ಕತೆ’ಯಂತೂ ಬೇಡವೇ ಬೇಡ. ಮನಸ್ಸು ಬೇರೆಡೆ ಇದೆಯೆಂದು ಈಗಾಗಲೇ ಬೈಸಿಕೊಂಡ ಮಗುವಿನ ಮೇಲೆ ಅದೇ ಆರೋಪವನ್ನು ಅಚ್ಚು ಹಾಕಿಸಿದಂತಾಗುತ್ತದೆ.

ಬರೀ ‘ಫಿಟ್ಸ್’ ಎಂದರೆ ಸಾಲದೇ ಎಂದು ಕೇಳುವವರಿಗೆ ಒಂದು ಮಾತು. ಫಿಟ್ಸ್‌ಗೆಲ್ಲ ಔಷಧ ಒಂದೇ ಅಲ್ಲ. ಇದಕ್ಕೆ ಎಥೋಸಕ್ಸಿಮೈಡ್, ವ್ಯಾಲ್ಪ್ರೊಯೇಟ್‌ನಂಥವು ಒಗ್ಗುತ್ತವೆ. ಬೇರೆ ಬಗೆಯ ಸೆಳವುಗಳಿಗೆ ಕೊಡುವ ಕಾರ್ಬಮಜೆಪಿನ್ ಇದನ್ನು ಹೆಚ್ಚಿಸಬಲ್ಲದು. ಶಿಕ್ಷಕರು ತಂದೆತಾಯಿಗೆ, ಅವರು ವೈದ್ಯರಿಗೆ ಹೇಳುವ ಮಾತಿನಲ್ಲಿ ಈ ಭೇದ ಉಳಿಯಬೇಕು.

ಸದ್ಯಕ್ಕೆ ‘ಅರಿವುತಪ್ಪು’ ಎಂದು ಬರೆದು, ಮೊದಲ ಬಳಕೆಯಲ್ಲಿ ‘ಆಬ್ಸೆನ್ಸ್ ಸೀಜರ್’ ಎಂದೂ ಕೊಟ್ಟಿದ್ದೇನೆ. ತೊಡಕೆಂದರೆ ‘ತಪ್ಪು’ ನಾಮಪದವಾದೊಡನೆ ದೋಷದ ವಾಸನೆ ಬರುತ್ತದೆ. ‘ಅರಿವುಗಡಿತ’ ಹೇಗೆ? ಕರೆಂಟು ಹೋಗಿ ಬಂದಂತಹ ಅರ್ಥ ಬರುತ್ತದೆ, ಆದರೆ ಯಾರೂ ಆಡಿದ ಮಾತಲ್ಲ. ಮಕ್ಕಳು ಹೀಗೆ ನಿಂತಲ್ಲೇ ಕ್ಷಣಕಾಲ ಕಳೆದುಹೋಗುವುದಕ್ಕೆ ನಿಮ್ಮ ಮನೆಯ ಹಿರಿಯರು, ಊರಿನ ದಾದಿಯರು ಏನೆನ್ನುತ್ತಾರೆ? ಹವ್ಯಕ, ಕುಂದಗನ್ನಡ, ಧಾರವಾಡದ ಕಡೆಯ ಮಾತುಗಳಾದರೂ ಆದೀತು; ಕ್ರಿಯಾಪದವಿದ್ದರೆ ಇನ್ನೂ ಒಳ್ಳೆಯದು.