ಆಲ್ಕಲೈನ್ ಫಾಸ್ಫಟೇಸ್: ಜೆಲ್‌ನಲ್ಲಿ ಬ್ಯಾಂಡ್ ಇದೆ, ಕೆಲಸ ಮಾತ್ರ ಸೊನ್ನೆ

ಜೆಲ್‌ಸುಸ್ತು:
ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ಇ. ಕೋಲೈ ಬ್ಯಾಕ್ಟೀರಿಯಾದ ಆಲ್ಕಲೈನ್ ಫಾಸ್ಫಟೇಸ್ (ಅಣುಗಳಿಂದ ಫಾಸ್ಫೇಟ್ ಕಳಚುವ ಎಂಜೈಮ್) ಅನ್ನು ಬಿಎಲ್21 ಅನ್ನುವ ಇ. ಕೋಲೈ ತಳಿಯಲ್ಲಿ ಬೆಳೆಸಿ, ಪ್ರೋಟೀನ್ ಶುದ್ಧ ಮಾಡುವ ನಿಕಲ್ ಕಾಲಮ್ ಹಾಕಿ ತೆಗೆದೆ. ಜೆಲ್‌ನಲ್ಲಿ 47 ಕೆಡಿಎ (ಕಿಲೋಡಾಲ್ಟನ್, ಪ್ರೋಟೀನಿನ ತೂಕ) ಹತ್ತಿರ ಒಂದೇ ಬ್ಯಾಂಡ್. ಎಂಜೈಮ್ ಕೆಲಸ ಮಾಡಿದರೆ ಹಳದಿಯಾಗುವ ಪಿಎನ್‌ಪಿಪಿ ಹಾಕಿದರೆ 405 ನ್ಯಾನೊಮೀಟರ್‌ನಲ್ಲಿ ಗೆರೆ ಅಲ್ಲಾಡುವುದೇ ಇಲ್ಲ. ಕೊಂಡು ತಂದ ಎಂಜೈಮ್ ಹಾಕಿದ ಪಕ್ಕದ ಕ್ಯೂವೆಟ್ ನೋಡನೋಡುತ್ತಲೇ ಅರಿಶಿನ ನೀರಿನ ಹಾಗಾಯಿತು. 166ನೇ ಅಮೈನೊ ಆಮ್ಲವಾದ ಅರ್ಜಿನೈನ್ ಬದಲಿಸಿ ನೋಡಬೇಕು ಅಂತಿದ್ದೆ, ಮೂಲ ಎಂಜೈಮೇ ಸತ್ತಿದೆ. ಏನು ಮಾಡಲಿ?

ಸತು_ಸಾಕಾ:
ಪ್ರೋಟೀನ್ ಯಾವ ಬಫರ್‌ನಲ್ಲಿದೆ?

ಜೆಲ್‌ಸುಸ್ತು:
ಪಿಬಿಎಸ್ (ಫಾಸ್ಫೇಟ್ ಬಫರ್). ಎಲ್ಲರೂ ಅದನ್ನೇ ಬಳಸುತ್ತಾರಲ್ವಾ, ಅದಕ್ಕೇ ಬರೆಯಲಿಲ್ಲ.

ಸತು_ಸಾಕಾ:
ಸಿಕ್ಕಿತು ನೋಡಿ. ಫಾಸ್ಫೇಟ್ ಈ ಎಂಜೈಮ್ ಮಾಡುವ ಮಾಲು, ಅದೇ ಬಂದು ಜಾಗ ಹಿಡಿದು ಕೂರುತ್ತದೆ. ಒಂದೊಂದು ಆಕ್ಟಿವ್ ಸೈಟ್‌ಗೂ (ಎಂಜೈಮ್ ಕೆಲಸ ಮಾಡುವ ಜಾಗ) ಎರಡು ಸತು, ಒಂದು ಮೆಗ್ನೀಸಿಯಂ ಬೇಕು. ಡಯಾಲಿಸಿಸ್ ಮಾಡಿ ಬಫರ್ ಅನ್ನು ಟ್ರಿಸ್‌ಗೆ (ಪಿಎಚ್ 8) ಬದಲಿಸಿ, ಎರಡೂ ಲೋಹ ಸೇರಿಸಿ. ಲೋಹ ಕಿತ್ತುಕೊಳ್ಳುವ ಇಡಿಟಿಎ ಹತ್ತಿರವೂ ಸುಳಿಯಬಾರದು.

ಜೆಲ್‌ಸುಸ್ತು:
ಮಾಡಿದೆ. ರಾತ್ರಿಯಿಡೀ ಇಟ್ಟೆ. ಏನೂ ಇಲ್ಲ.

ಸತು_ಸಾಕಾ:
ಸತು ಕಮ್ಮಿಯಾಗಿದೆ. ಇನ್ನೂ ಹಾಕಿ.

ಜೆಲ್‌ಸುಸ್ತು:
ಹಾಕಿದೆ, ಪ್ರೋಟೀನ್ ಬೆಳ್ಳಗೆ ಒಡೆದು ತಳ ಸೇರಿತು. ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ 2 ಮಾದರಿ ತೆಗೆದು ನೋಡಿದೆ, ಸರಪಳಿಯ ಕೋನಗಳನ್ನು ತೋರಿಸುವ ರಾಮಚಂದ್ರನ್ ಪ್ಲಾಟ್ ಚೆನ್ನಾಗಿಯೇ ಇದೆ.

ಹರಳುಗಣ್ಣು:
ಮಾದರಿ ಯಾಕೆ? ಹರಳಿನಿಂದ ಅಳೆದ 1991ರ 1ಎಎಲ್‌ಕೆ ರಚನೆಯೇ ಇದೆ, 2 ಆಂಗ್‌ಸ್ಟ್ರಾಮ್ ಸ್ಪಷ್ಟತೆ. ಲೋಹಗಳು, 102ನೇ ಸೆರೀನ್ ಎಲ್ಲ ಕಾಣುತ್ತದೆ. ಆಲ್ಫಾಫೋಲ್ಡ್ 2 ಲೋಹವನ್ನೇ ಇಡುವುದಿಲ್ಲ.

ಸತು_ಸಾಕಾ:
ಮಾದರಿಯನ್ನು ಸುಮ್ನೆ ತಳ್ಳಿಹಾಕಬೇಡಿ. ಮಡಿಕೆ (ಪ್ರೋಟೀನ್ ಮಡಚಿಕೊಳ್ಳುವ ಆಕಾರ) ಸರಿಯಾಗೇ ಕೊಡುತ್ತದೆ.

ಹರಳುಗಣ್ಣು:
ನಿಮ್ಮ ಟ್ಯೂಬಿನಲ್ಲಿ ಇರುವುದು ಮಡಿಕೆಯಾಗಿದೆ ಅಂತ ಅದು ಹೇಳುವುದಿಲ್ಲ, ಅಷ್ಟೇ ನನ್ನ ಮಾತು.

ಕಾಲಮ್‌ಕಾಕಾ:
ನಿಕಲ್ ಆದಮೇಲೆ ಗಾತ್ರ ನೋಡಿ ಬೇರ್ಪಡಿಸುವ ಒಂದು ಸೈಜ್ ಕಾಲಮ್ ಹಾಕಿ, 94 ಕೆಡಿಎ ಡೈಮರ್ (ಎರಡು ಸರಪಳಿಯ ಜೋಡಿ) ಬರುತ್ತದೋ ನೋಡಿ.

ಮಣ್ಣಿನಮಗಳು:
ಒಂದು ಪ್ರಶ್ನೆ. ಪ್ರೋಟೀನನ್ನು ಒಳಪೊರೆ ದಾಟಿಸುವ, ಆರಂಭದ 21 ಅಮೈನೊ ಆಮ್ಲದ ಸಿಗ್ನಲ್ ಪೆಪ್ಟೈಡ್ ಇಟ್ಟುಕೊಂಡಿದ್ದೀರಾ? ಕೋಶ ಒಡೆಯುವ ಲೈಸಿಸ್ ಬಫರ್‌ನಲ್ಲಿ ಡಿಟಿಟಿ (ಗಂಧಕದ ಬಂಧ ಬಿಡಿಸುವ ರಾಸಾಯನಿಕ) ಇತ್ತಾ?

ಜೆಲ್‌ಸುಸ್ತು:
ಪೆಪ್ಟೈಡ್ ತೆಗೆದೆ, ಕೊನೆಗೆ ಕಳಚಿ ಹೋಗುವುದೇ ಅಲ್ವಾ. ಡಿಟಿಟಿ 5 ಮಿಲಿಮೋಲಾರ್, ಎಲ್ಲದಕ್ಕೂ ಹಾಕುತ್ತೇವೆ.

ಮಣ್ಣಿನಮಗಳು:
ಅಲ್ಲೇ ಎಡವಿದ್ದೀರಿ. ಈ ಎಂಜೈಮ್‌ಗೆ ಎರಡು ಡೈಸಲ್ಫೈಡ್ (ಸಿಸ್ಟೀನ್‌ಗಳ ನಡುವಿನ ಗಂಧಕದ ಬಂಧ) ಬೇಕು: 168ರಿಂದ 178ಕ್ಕೆ, 286ರಿಂದ 336ಕ್ಕೆ. ಕೋಶದ ಒಳಗೆ ಅವು ಕೂಡುವುದಿಲ್ಲ, ಎರಡು ಪೊರೆಗಳ ನಡುವಿನ ಪೆರಿಪ್ಲಾಸಂಗೆ ಹೋದಮೇಲೆ ಡಿಎಸ್‌ಬಿಎ ಅನ್ನುವ ಎಂಜೈಮ್ ಕೂಡಿಸುತ್ತದೆ. ಕೂಡದಿದ್ದರೆ ಎಷ್ಟು ಸತು ಹಾಕಿದರೂ ನಿಲ್ಲುವ ಜಾಗವೇ ಇರುವುದಿಲ್ಲ. 1986ರಲ್ಲಿ ಮನೋಯಿಲ್ ಮತ್ತು ಬೆಕ್ವಿತ್ ಅನ್ನುವ ವಿಜ್ಞಾನಿಗಳು ಇದನ್ನೇ ಉಪಾಯವಾಗಿ ಬಳಸಿದರು. ಪೊರೆಯ ಪ್ರೋಟೀನಿನ ಯಾವ ತುಂಡು ಹೊರಗಿದೆ, ಯಾವುದು ಒಳಗಿದೆ ಅಂತ ಇದರ ಕೆಲಸ ನೋಡಿ ಹೇಳಿದರು. ಜೆಲ್ ನಿಮಗೆ ಏನೂ ಹೇಳಲಿಲ್ಲ, ಯಾಕೆಂದರೆ ಆ ಬಂಧ ಬಿಡಿಸುವ ಮರ್ಕ್ಯಾಪ್ಟೊಎಥನಾಲ್‌ನಲ್ಲಿ ಕುದಿಸಿದಮೇಲೆ ಮಡಿಕೆಯಾದದ್ದೂ ಆಗದ್ದೂ ಒಂದೇ ಥರ ಓಡುತ್ತದೆ. ಸಿಗ್ನಲ್ ವಾಪಸ್ ಇಡಿ, ಇಲ್ಲ ಕೋಶದ ಒಳಗೇ ಡೈಸಲ್ಫೈಡ್ ಕೂಡಿಸುವ ಷಫಲ್ ಸ್ಟ್ರೈನ್‌ಗೆ ಹೋಗಿ. ಡಿಟಿಟಿ ಬಿಡಿ.

ಸತು_ಸಾಕಾ:
ಸತುವೂ ಬೇಕು.

ಮಣ್ಣಿನಮಗಳು:
ಬೇಡ ಅಂದೆನಾ?

ಜೆಲ್‌ಸುಸ್ತು (11 ದಿನದ ನಂತರ):
ಸಿಗ್ನಲ್ ಇಟ್ಟು ಬೆಳೆಸಿದೆ, ಆಸ್ಮಾಟಿಕ್ ಶಾಕ್ ಕೊಟ್ಟು (ಹೊರಪೊರೆ ಮಾತ್ರ ಬಿಡಿಸಿ) ಪೆರಿಪ್ಲಾಸಂ ತೆಗೆದೆ, ಟ್ರಿಸ್‌ಗೆ ಡಯಾಲಿಸಿಸ್ ಮಾಡಿದೆ. ಹಳದಿ ಬಂತು! ಕ್ಯೂವೆಟ್ ಕೈಯಲ್ಲೇ ಹಿಡಿದು ಪಕ್ಕದ ಬೆಂಚಿನವರಿಗೆಲ್ಲ ತೋರಿಸಿದೆ. ಬ್ಯಾಂಡ್ ಮಾತ್ರ ತುಂಬಾ ತೆಳು. ಈಗ 166ರ ಮ್ಯೂಟೆಂಟ್ ಶುರು ಮಾಡಲಾ?

ಮಣ್ಣಿನಮಗಳು:
ಖುಷಿ ಆಯಿತು. ಮೊದಲು ಎಂಜೈಮಿನ ಜೀನ್ ಇಲ್ಲದ ಖಾಲಿ ವೆಕ್ಟರ್ ಹಾಕಿದ ಕೋಶವನ್ನೂ ಹೀಗೇ ಮಾಡಿ ನೋಡಿ. ಬಿಎಲ್21ಕ್ಕೆ ತನ್ನದೇ ಫೋಎ (ಇದೇ ಎಂಜೈಮಿನ ಜೀನ್) ಇದೆ, ಫಾಸ್ಫೇಟ್ ಖಾಲಿಯಾದರೆ ಅದನ್ನು ಜಾಸ್ತಿ ಮಾಡುತ್ತದೆ. ಡೈಮರ್ ಆಗುವಾಗ ಅದರ ಸರಪಳಿ ನಿಮ್ಮ ಮ್ಯೂಟೆಂಟ್ ಜೊತೆ ಸೇರಿಕೊಂಡು ನಿಕಲ್ ಕಾಲಮ್‌ನಲ್ಲೂ ಉಳಿಯಬಹುದು. ಆ ಹಳದಿ ಯಾರದ್ದು ಅಂತ ಗೊತ್ತಾಗಬೇಕಲ್ಲ.

ಜೆಲ್‌ಸುಸ್ತು:
ಅಯ್ಯೋ. ಆ ಕಂಟ್ರೋಲ್ ಹಾಕಿಲ್ಲ. ಇವತ್ತು ರಾತ್ರಿಯೇ ಕಲ್ಚರ್ ಇಡುತ್ತೇನೆ. ಫೋಎ ಇಲ್ಲದ ಸ್ಟ್ರೈನ್ ಯಾರ ಹತ್ತಿರವಾದರೂ ಇದೆಯಾ?