ವಹಿವಾಟು ಕುಸಿದಿರುವಾಗ ಹಣಕಾಸು ಕ್ಷೇತ್ರವನ್ನು ಆರಿಸಿಕೊಳ್ಳಬಹುದೇ?

ಪ್ರಶ್ನೆ: ಬಿ.ಕಾಂ. ವಿದ್ಯಾರ್ಥಿನಿ, ಗದಗ

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. ನಮ್ಮ ತಂದೆಯವರದು ಗದಗ ಎಪಿಎಂಸಿಯಲ್ಲಿ ಅಡತಿ ಅಂಗಡಿ. ಹೈಸ್ಕೂಲಿನಿಂದಲೂ ಅಂಗಡಿಯ ಕೀರ್ದಿ, ಖಾತೆ ಬರೆಯುವುದರಲ್ಲಿ ಅವರಿಗೆ ನೆರವಾಗುತ್ತ ಬಂದಿರುವುದರಿಂದ ಲೆಕ್ಕಪತ್ರವೆಂದರೆ ನನಗೆ ಮೊದಲಿನಿಂದಲೂ ಪ್ರೀತಿ, ಮುಂದೆಯೂ ಹಣಕಾಸು ಕ್ಷೇತ್ರದಲ್ಲೇ ದುಡಿಯಬೇಕೆಂಬ ಆಸೆ ಇದೆ. ಆದರೆ ಈಗ ಪೇಟೆಯಲ್ಲಿ ವ್ಯವಹಾರ ಮಂದವಾಗಿದೆ, ಉದ್ರಿ ಕೊಟ್ಟ ರೊಕ್ಕ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ. ನಮ್ಮ ಕಾಲೇಜಿಗೆ ನೇಮಕಾತಿಗಾಗಿ ಬರುತ್ತಿದ್ದ ಖಾಸಗಿ ಸಾಲ ಕಂಪನಿಗಳು ಈ ಸಲ ಬರಲಿಲ್ಲ. ನಮಗಿಂತ ಮೊದಲು ಪದವಿ ಮುಗಿಸಿದ ಅಕ್ಕ ಒಬ್ಬರು ಗೃಹಸಾಲ ಮಾರುವ ಕೆಲಸಕ್ಕೆ ಸೇರಿ, ವರ್ಷ ತುಂಬುವ ಮೊದಲೇ ಕೆಲಸ ಕಳೆದುಕೊಂಡು ಊರಿಗೆ ಮರಳಿದ್ದಾರೆ.

ತಂದೆಯವರು ಸಪ್ತಾಪುರದಲ್ಲಿ ಕೋಚಿಂಗ್ ಸೇರಿ ಬ್ಯಾಂಕ್ ಪರೀಕ್ಷೆ ಬರೆಯಲು ಹೇಳುತ್ತಾರೆ. ಸೋದರಮಾವನವರು, ಕಷ್ಟಕಾಲದಲ್ಲಿ ಮೊದಲು ಪೆಟ್ಟು ಬೀಳುವುದೇ ಹಣಕಾಸಿನವರಿಗೆ, ಬಿ.ಇಡಿ. ಮಾಡು ಎನ್ನುತ್ತಾರೆ. ನನ್ನ ಮನಸ್ಸಿನಲ್ಲಿ ಸಿ.ಎ. ಇಲ್ಲವೆ ಫೈನಾನ್ಸ್ ವಿಷಯದಲ್ಲಿ ಎಂಬಿಎ ಇದೆ. ಎಂಬಿಎಗೆ ಹೋದರೆ ಶಿಕ್ಷಣ ಸಾಲ ತೆಗೆಯಲೇಬೇಕು. ಇಂಥ ಹೊತ್ತಿನಲ್ಲಿ ಈ ಕ್ಷೇತ್ರಕ್ಕೆ ಬರುವುದು ಸರಿಯೇ, ಬರುವುದಾದರೆ ಯಾವ ದಾರಿಯಲ್ಲಿ ಬರಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ

ತಂಗಿ, ನಾನು ನಿನ್ನ ತಂದೆಯ ವಯಸ್ಸಿನವನಾದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ. ನನ್ನ ಸೇವೆಯ ಬಹುಭಾಗ ಸಾಲ ವಿಭಾಗದಲ್ಲಿ ಕಳೆಯಿತು. ಅಮರಗೋಳದ ವರ್ತಕರಿಂದ ಗೋಕುಲ ರಸ್ತೆಯ ಸಣ್ಣ ಕಾರ್ಖಾನೆಗಳವರೆಗೆ ಅನೇಕರ ಲೆಕ್ಕಪತ್ರಗಳನ್ನು ಓದಿದ ಅನುಭವದಿಂದ ಹೇಳುವುದಾದರೆ, ಹಣಕಾಸು ಕ್ಷೇತ್ರವೆಂದು ನಾವು ಒಂದೇ ಹೆಸರಿನಿಂದ ಕರೆಯುವುದರೊಳಗೆ ಬೇರೆ ಬೇರೆ ಕಾಲಕ್ಕೆ ಏರಿಳಿಯುವ ಕೆಲಸಗಳಿವೆ. ಪೇಟೆ ಏರುತ್ತಿರುವಾಗ ಸಾಲ ಮಾರುವವರಿಗೆ, ವಿಮೆ ಮತ್ತು ಮ್ಯೂಚುವಲ್ ಫಂಡ್ ಮಾರುವವರಿಗೆ ಬೇಡಿಕೆ ಇರುತ್ತದೆ. ಪೇಟೆ ಇಳಿದಾಗ ಅದೇ ಸಂಸ್ಥೆಗಳಿಗೆ ಸಾಲದ ಗುಣಮಟ್ಟ ಅಳೆಯುವವರು, ಸುಸ್ತಿಯಾಗುವ ಮೊದಲೇ ಖಾತೆಯ ರೋಗ ಗುರುತಿಸುವವರು, ಸಾಲದ ಷರತ್ತುಗಳನ್ನು ಹೊಸದಾಗಿ ಹೊಂದಿಸಿಕೊಡುವವರು ಬೇಕಾಗುತ್ತಾರೆ. ನೀನು ಹೇಳಿದ ಆ ಹುಡುಗಿ ಸೇರಿದ್ದು ಮೊದಲನೆಯ ಬಗೆಯ ಕೆಲಸಕ್ಕೆ ಎಂಬುದನ್ನು ಗಮನಿಸು.

ಇದನ್ನು ನಾನು ಕಣ್ಣಾರೆ ಕಂಡದ್ದು 2015ರ ನಂತರ. ಕಂತು ಅಥವಾ ಬಡ್ಡಿ 90 ದಿನ ಮೀರಿ ಬಾಕಿ ಉಳಿದರೆ ಆ ಸಾಲವನ್ನು ಅನುತ್ಪಾದಕ ಆಸ್ತಿ ಎಂದು ತೋರಿಸಬೇಕೆಂಬ ನಿಯಮ ಮೊದಲೇ ಇದ್ದರೂ, ಅನೇಕ ದೊಡ್ಡ ಸಾಲಗಳು ಒಂದಲ್ಲ ಒಂದು ನೆಪದಲ್ಲಿ ಒಳ್ಳೆಯ ಸಾಲಗಳ ಪಟ್ಟಿಯಲ್ಲೇ ಉಳಿದುಕೊಂಡಿದ್ದವು. ಆ ವರ್ಷ ರಿಸರ್ವ್ ಬ್ಯಾಂಕು ಆಸ್ತಿಗಳ ಗುಣಮಟ್ಟ ಪರಿಶೀಲನೆ ಆರಂಭಿಸಿದ ಮೇಲೆ ಅವು ಹೊರಬಿದ್ದು, 2018ರ ಮಾರ್ಚ್ ವೇಳೆಗೆ ಬ್ಯಾಂಕುಗಳ ಅನುತ್ಪಾದಕ ಸಾಲ ಅವು ಕೊಟ್ಟ ಒಟ್ಟು ಸಾಲದ ಶೇ 11ನ್ನು ದಾಟಿತು. ಹೊಸ ಉದ್ದಿಮೆ ಸಾಲಗಳು ಕುಗ್ಗಿದವು, ಆದರೆ ಬ್ಯಾಲೆನ್ಸ್ ಶೀಟ್ ಓದಬಲ್ಲ ಅಧಿಕಾರಿಗೆ ಅಷ್ಟು ಕೆಲಸ ಮತ್ತು ಅಷ್ಟು ಗೌರವ ಸಿಕ್ಕ ಕಾಲ ಇನ್ನೊಂದಿರಲಿಲ್ಲ. 2016ರಲ್ಲಿ ದಿವಾಳಿ ಸಂಹಿತೆ ಜಾರಿಯಾಗಿ, ಮುಳುಗಿದ ಕಂಪನಿಗಳ ವ್ಯವಹಾರ ನೋಡಿಕೊಳ್ಳುವ ಇನ್‌ಸಾಲ್ವೆನ್ಸಿ ಪ್ರೊಫೆಷನಲ್ ಎಂಬ ವೃತ್ತಿಯೇ ಹೊಸದಾಗಿ ಹುಟ್ಟಿಕೊಂಡಿತು.

ನೀನು ಗದಗಿನವಳಾದ್ದರಿಂದ ಇನ್ನೊಂದು ಮಾತು. ನಿಮ್ಮ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಅದಕ್ಕೆ ಕೆಲವೇ ವರ್ಷಗಳ ಹಿಂದೆ ದೇಶ ಭೀಕರ ಬರಗಾಲಗಳನ್ನು ಕಂಡಿತ್ತು, ರೈತರು ಸಾಹುಕಾರರ ಬಡ್ಡಿಯಲ್ಲಿ ನಲುಗಿದ್ದರು. ಸಾಲವನ್ನು ನ್ಯಾಯವಾಗಿ ಅಳೆದು ಕೊಡುವವರ ಅಗತ್ಯ ಸುಗ್ಗಿಯಲ್ಲಿರುವುದಕ್ಕಿಂತ ಬರದಲ್ಲೇ ಹೆಚ್ಚು. ನಿನ್ನ ಮಾವನವರ ಆತಂಕ ನನಗೆ ಅರ್ಥವಾಗುತ್ತದೆ, ಆದರೂ ಕಾಲ ಕೆಟ್ಟಿದೆಯೆಂಬ ಒಂದೇ ಕಾರಣಕ್ಕೆ ಇಷ್ಟದ ವಿದ್ಯೆಯನ್ನು ಬಿಡಬೇಡ.

ಉತ್ತರ: ಖಾಸಗಿ ಉದ್ಯೋಗಿ, ಹಾವೇರಿ

ಮೇಲಿನ ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಎಚ್ಚರಿಕೆಯ ಒಂದು ಮಾತನ್ನು ಸೇರಿಸಬೇಕಾಗಿದೆ. ನಾನು ಕಿರುಸಾಲ ಸಂಸ್ಥೆಯೊಂದರಲ್ಲಿ ಹಳ್ಳಿಗಳಿಗೆ ಹೋಗಿ ಸಾಲ ಹಂಚುವ, ವಸೂಲು ಮಾಡುವ ಕೆಲಸ ಮಾಡುತ್ತಿದ್ದೆ. ಒಂದೇ ಮನೆಗೆ ಹಲವು ಸಂಸ್ಥೆಗಳು ಸಾಲ ಕೊಟ್ಟು, ಮಳೆ ಮತ್ತು ಬೆಲೆ ಎರಡೂ ಕೈಕೊಟ್ಟಾಗ ವಸೂಲಿಗೆ ಹೋದವನು ಜನರ ಕಣ್ಣೀರನ್ನೂ ಮೇಲಧಿಕಾರಿಯ ಒತ್ತಡವನ್ನೂ ಒಟ್ಟಿಗೇ ಎದುರಿಸಬೇಕಾಗುತ್ತದೆ. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು ಎಂದರೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತೆಂದು ಊಹಿಸಬಹುದು.

ಆದ್ದರಿಂದ ತಂಗಿ, ಯಾವುದೇ ಖಾಸಗಿ ಸಾಲ ಕಂಪನಿಗೆ ಸೇರುವ ಮೊದಲು ಅದಕ್ಕೆ ರೊಕ್ಕ ಎಲ್ಲಿಂದ ಬರುತ್ತದೆ ಎಂದು ಕೇಳಿ. ಬ್ಯಾಂಕಿಗೆ ಜನರ ಠೇವಣಿ ಇರುತ್ತದೆ. ಇಂಥ ಬಹಳಷ್ಟು ಕಂಪನಿಗಳು ತಾವೇ ಸಾಲ ತಂದು ಸಾಲ ಕೊಡುತ್ತವೆ. 2018ರಲ್ಲಿ ಮೂಲಸೌಕರ್ಯ ಯೋಜನೆಗಳಿಗೆ ಸಾಲ ಕೊಡುತ್ತಿದ್ದ ಐಎಲ್ ಆ್ಯಂಡ್ ಎಫ್‌ಎಸ್ ಸಾಲ ತೀರಿಸಲಾಗದೆ ಕುಸಿದಾಗ, ಅದಕ್ಕೆ ಸಂಬಂಧವೇ ಇಲ್ಲದ ಅನೇಕ ಕಂಪನಿಗಳಿಗೂ ಹಣ ಹುಟ್ಟುವುದು ಕಷ್ಟವಾಯಿತು, ಹಣವಿಲ್ಲದ ಮೇಲೆ ಸಾಲ ಕೊಡುವ ಹುಡುಗರೂ ಬೇಡವಾದರು. ಸಂಬಳದಲ್ಲಿ ಎಷ್ಟು ಭಾಗ ಗುರಿ ಮುಟ್ಟಿದರೆ ಮಾತ್ರ ಸಿಗುವಂಥದು ಎಂಬುದನ್ನೂ ಬರಹದಲ್ಲಿ ಪಡೆಯಿರಿ.

ಉತ್ತರ: ಲೆಕ್ಕ ಪರಿಶೋಧಕಿ, ಹುಬ್ಬಳ್ಳಿ

ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಸಿ.ಎ. ಕಡೆಗೆ ನಿಲ್ಲುತ್ತೇನೆ. ಲಾಭವಾಗಲಿ ನಷ್ಟವಾಗಲಿ ಕಂಪನಿಯ ಲೆಕ್ಕ ಪರಿಶೋಧನೆಯನ್ನು ಕಾನೂನು ಕಡ್ಡಾಯ ಮಾಡಿದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲಂತೂ, ಒಂದು ಅವಧಿಯಲ್ಲಿ ಮಾರಾಟವೇ ಆಗದಿದ್ದರೂ ನೋಂದಾಯಿತ ವರ್ತಕನು ರಿಟರ್ನ್ ಸಲ್ಲಿಸಲೇಬೇಕು. ನಮ್ಮ ಕಚೇರಿಯಲ್ಲಿ ಮಂದಗತಿಯ ದಿನಗಳಲ್ಲಿ ಶುಲ್ಕ ತಡವಾಗಿ ಬಂದದ್ದುಂಟು, ಕೆಲಸ ನಿಂತದ್ದಿಲ್ಲ. ಸಾಲ ಬೇಕಾದ ಗ್ರಾಹಕರಿಗೆ ಮುಂದಿನ ವರ್ಷದ ಹಣದ ಹರಿವಿನ ಅಂದಾಜು ತಯಾರಿಸಿಕೊಡುವ ಕೆಲಸವಂತೂ ಅಂಥ ದಿನಗಳಲ್ಲಿ ಹೆಚ್ಚಾಗುತ್ತದೆ.

ವಾಣಿಜ್ಯ ಪದವಿಯಲ್ಲಿ ಶೇ 55 ಅಂಕ ಪಡೆದವರು ಸಿ.ಎ.ಯ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಎರಡನೆಯ ಹಂತವಾದ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಿಕೊಳ್ಳಬಹುದು. ಅದರ ಎರಡೂ ಗ್ರೂಪ್ ಮುಗಿದ ಮೇಲೆ ಲೆಕ್ಕ ಪರಿಶೋಧಕರ ಕಚೇರಿಯಲ್ಲಿ ಎರಡು ವರ್ಷ ತರಬೇತಿ ಪಡೆಯುವ ಆರ್ಟಿಕಲ್‌ಶಿಪ್ ಇರುತ್ತದೆ. 2023ರವರೆಗೆ ಇದು ಮೂರು ವರ್ಷವಿತ್ತು. ಶಿಷ್ಯವೇತನ ಸಣ್ಣದು, ಆದರೆ ಎಂಬಿಎಗಾಗಿ ಮಾಡಬೇಕಾದ ಸಾಲದ ಹೊರೆ ಇಲ್ಲಿರುವುದಿಲ್ಲ. ನೌಕರಿಗಳು ಕಡಿಮೆಯಿರುವ ಹೊತ್ತಿನಲ್ಲಿ ಬಡ್ಡಿ ಏರುವ ಸಾಲ ತೆಗೆದು ಸಾಧಾರಣ ಕಾಲೇಜಿನ ಎಂಬಿಎಗೆ ಸೇರುವುದನ್ನು ನಾನು ಒಪ್ಪುವುದಿಲ್ಲ. ಸಿ.ಎ. ಪರೀಕ್ಷೆ ಕಠಿಣವೆಂಬುದು ನಿಜ, ಹಲವು ಯತ್ನಗಳ ನಂತರವೂ ತೇರ್ಗಡೆಯಾಗದವರು ಅನೇಕರಿದ್ದಾರೆ. ಇಂತಿಷ್ಟು ಯತ್ನಗಳ ನಂತರ ದಾರಿ ಬದಲಿಸುತ್ತೇನೆಂದು ಮೊದಲೇ ಮನೆಯವರೊಂದಿಗೆ ಮಾತಾಡಿ ಇಟ್ಟುಕೊಳ್ಳಿ.

ಉತ್ತರ: ವಾಣಿಜ್ಯ ಉಪನ್ಯಾಸಕ, ಧಾರವಾಡ

ಇಲ್ಲಿ ಎಲ್ಲರೂ ಧೈರ್ಯ ತುಂಬಿದ್ದಾರೆ, ಅದು ಒಳ್ಳೆಯದೇ. ಆದರೂ ಪದವಿ ಮುಗಿಯುವ ವರ್ಷದ ಪೇಟೆ ಮುಂದಿನ ಬದುಕಿನ ಮೇಲೆ ಬೀರುವ ಪ್ರಭಾವವನ್ನು ಹಗುರವಾಗಿ ಕಾಣಬಾರದು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಬಿಎ ಮುಗಿಸಿದವರನ್ನು ಕುರಿತು ಅರ್ಥಶಾಸ್ತ್ರಜ್ಞ ಪಾಲ್ ಓಯರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಷೇರುಪೇಟೆ ಏರಿದ್ದ ವರ್ಷಗಳಲ್ಲಿ ಹೊರಬಂದವರು ಕಂಪನಿಗಳಿಗೆ ಬಂಡವಾಳ ಹೊಂದಿಸಿಕೊಡುವ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ಗೆ ಸೇರಿದ್ದು ಹೆಚ್ಚು, ಪೇಟೆ ಬಿದ್ದ ವರ್ಷಗಳಲ್ಲಿ ಹೊರಬಂದವರಲ್ಲಿ ಹಲವರು ಬೇರೆ ಕೆಲಸ ಹಿಡಿದು ಅಲ್ಲೇ ಉಳಿದರು. ಮೊದಲ ನೌಕರಿ ಮುಂದಿನ ದಾರಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಹಾಗಾಗಿ ಸಂಬಳ ಕಡಿಮೆಯಾದರೂ ಲೆಕ್ಕ, ಸಾಲ ಪರಿಶೀಲನೆ, ಪರಿಶೋಧನೆಗೆ ಹತ್ತಿರವಿರುವ ಕೆಲಸವನ್ನೇ ಮೊದಲು ಹಿಡಿಯಿರಿ.

ಬ್ಯಾಂಕ್ ಪರೀಕ್ಷೆಯ ಬಗ್ಗೆಯೂ ಹೇಳಬೇಕು. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು 2019ರಿಂದ ಕನ್ನಡದಲ್ಲೂ ಬರೆಯಬಹುದಾಗಿದ್ದು, ನಮ್ಮ ಭಾಗದ ಮಕ್ಕಳಿಗೆ ಇದರಿಂದ ಅನುಕೂಲವಾಗಿದೆ. ಆದರೆ ಧಾರವಾಡದಲ್ಲೇ ಪ್ರಧಾನ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿಯ ಗ್ರಾಮೀಣ ಬ್ಯಾಂಕಿನೊಂದಿಗೆ ಒಂದಾಗಿ, ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕು ಉಳಿದಿದೆ. ಮನೆಗೆ ಹತ್ತಿರದ ನೌಕರಿ ಎಂಬ ಲೆಕ್ಕದಲ್ಲಿ ತಂದೆಯವರು ಬ್ಯಾಂಕನ್ನು ಸೂಚಿಸುತ್ತಿದ್ದರೆ, ವರ್ಗಾವಣೆ ಇನ್ನು ಮುಂದೆ ರಾಜ್ಯದ ಯಾವ ಮೂಲೆಗಾದರೂ ಆಗಬಹುದೆಂದು ಅವರಿಗೆ ತಿಳಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ತಂದೆಯವರಿಗೆ ಎಲ್ಲವನ್ನೂ ಓದಿ ಹೇಳಿದೆ. ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಿಕೊಂಡು, ಜೊತೆಗೆ ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನೂ ಬರೆಯುವುದಾದರೆ ಅವರ ಒಪ್ಪಿಗೆ ಇದೆ. ಹುಬ್ಬಳ್ಳಿಯಲ್ಲಿ ಆರ್ಟಿಕಲ್‌ಶಿಪ್‌ಗೆ ಕಚೇರಿ ಆರಿಸುವಾಗ ಏನು ನೋಡಬೇಕೆಂದು ಮೇಡಂ ಅವರು ತಿಳಿಸುವಿರಾ?

ಉತ್ತರ: ಲೆಕ್ಕ ಪರಿಶೋಧಕಿ, ಹುಬ್ಬಳ್ಳಿ

ಕಚೇರಿಯ ದೊಡ್ಡ ಹೆಸರಿಗಿಂತ ಅಲ್ಲಿ ಯಾವ ಕೆಲಸ ಸಿಗುತ್ತದೆ ಎಂದು ವಿಚಾರಿಸಿ. ಎರಡು ವರ್ಷವೂ ಬರೀ ರಿಟರ್ನ್ ತುಂಬಿಸುವ ಕಚೇರಿ ಬೇಡ. ಬ್ಯಾಂಕ್ ಶಾಖೆಗಳ ಪರಿಶೋಧನೆ, ಪತ್ತಿನ ಸಹಕಾರ ಸಂಘಗಳ ಪರಿಶೋಧನೆ, ಸಣ್ಣ ಕಾರ್ಖಾನೆಗಳ ಸಾಲದ ಪ್ರಸ್ತಾವನೆ ಇವುಗಳಲ್ಲಿ ಎರಡಾದರೂ ಅಲ್ಲಿ ನಡೆಯುತ್ತಿರಬೇಕು. ಈಗ ಅಲ್ಲಿ ಕಲಿಯುತ್ತಿರುವ ವಿದ್ಯಾರ್ಥಿಗಳನ್ನು ಭೇಟಿಯಾಗಿ, ಪರೀಕ್ಷೆಗೆ ಮೊದಲು ರಜೆ ಸರಿಯಾಗಿ ಕೊಡುತ್ತಾರೆಯೇ ಎಂದೂ ಕೇಳಿ. ಅಲ್ಲಿಯವರೆಗೆ ನಿಮ್ಮ ತಂದೆಯವರ ಅಂಗಡಿಯ ಉದ್ರಿ ಬಾಕಿಗಳನ್ನು 30, 60, 90 ದಿನಗಳೆಂದು ವಿಂಗಡಿಸಿ ಪಟ್ಟಿ ಮಾಡುವುದನ್ನು ಈ ವಾರದಿಂದಲೇ ಆರಂಭಿಸಬಹುದು. ಸಂದರ್ಶನದಲ್ಲಿ ಆ ಪಟ್ಟಿಯ ಬಗ್ಗೆ ಮಾತಾಡಲು ನಿಮ್ಮಲ್ಲಿ ಸಾಕಷ್ಟು ವಿಷಯ ಇರುತ್ತದೆ.